ನಾಯಿಯ ಹಿಂಗಾಲು ಸ್ವಾಧೀನ ತಪ್ಪಿದಾಗ: ಡಿಸ್ಕ್ ತೊಂದರೆಯ ಆರೈಕೆ, ಮೊದಲ ಗಂಟೆಯಿಂದ ಆರನೇ ವಾರದಾಚೆಗೆ

ನಿನ್ನೆ ಸಂಜೆ ಸೋಫಾ ಹತ್ತಿ ಇಳಿದು ಕುಣಿಯುತ್ತಿದ್ದ ನಾಯಿ ಇವತ್ತು ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲೊಲ್ಲದು. ಬೆನ್ನು ಬಿಲ್ಲಿನಂತೆ ಬಾಗಿದೆ, ಹೊಟ್ಟೆ ಕಲ್ಲಾಗಿದೆ, ಮೈ ಸಣ್ಣಗೆ ನಡುಗುತ್ತಿದೆ. ಎತ್ತಿಕೊಳ್ಳಲು ಹೋದರೆ ಕುಂಯ್ ಎಂದು ಅರಚುತ್ತದೆ. ಹೊಟ್ಟೆ ಗಟ್ಟಿಯಾಗಿದ್ದನ್ನು ನೋಡಿ ಮನೆಯವರು ಗ್ಯಾಸ್ ಎಂದುಕೊಳ್ಳುತ್ತಾರೆ, ಓಮದ ನೀರು ಕುಡಿಸುತ್ತಾರೆ, ಸಂಜೆಯವರೆಗೆ ನೋಡೋಣ ಎನ್ನುತ್ತಾರೆ. ನಿಮ್ಮದು ಡ್ಯಾಷ್‌ಹಂಡ್, ಪಗ್, ಬೀಗಲ್, ಶಿಟ್ಜು, ಕಾಕರ್ ಸ್ಪ್ಯಾನಿಯಲ್ ಅಥವಾ ಫ್ರೆಂಚ್ ಬುಲ್‌ಡಾಗ್ ಆಗಿದ್ದರೆ, ಅದರಲ್ಲೂ ವಯಸ್ಸು 3ರಿಂದ 7ರ ನಡುವೆ ಇದ್ದರೆ, ಮೊದಲ ಅನುಮಾನ ಹೊಟ್ಟೆಯ ಮೇಲಲ್ಲ, ಬೆನ್ನಿನ ಮೇಲೆ ಹೋಗಬೇಕು. ಹೊಟ್ಟೆ ಬಿಗಿದಿರುವುದು ಬೆನ್ನನ್ನು ಅಲುಗಾಡದಂತೆ ಹಿಡಿದುಕೊಳ್ಳಲು.

ಈ ಮಾರ್ಗದರ್ಶಿ ಬೆನ್ನಿನ ಡಿಸ್ಕ್ ಸರಿದು ಬೆನ್ನುಹುರಿಯನ್ನು ಒತ್ತುವ ತೊಂದರೆಯ ಬಗ್ಗೆ. ಪಶುವೈದ್ಯರು ಇದನ್ನು ಐ.ವಿ.ಡಿ.ಡಿ. ಎನ್ನುತ್ತಾರೆ. ಚಿಕಿತ್ಸೆ ವೈದ್ಯರದ್ದು, ಆದರೆ ಆರು ವಾರದ ಆರೈಕೆ ಪೂರ್ತಿ ಮನೆಯವರದ್ದು. ನಾಯಿ ಮತ್ತೆ ನಡೆಯುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಈ ಎರಡನೆಯದರ ಮೇಲೇ ನಿಂತಿರುತ್ತದೆ.

ಒಳಗೆ ಆಗಿರುವುದೇನು

ನಾಯಿಯ ಬೆನ್ನುಮೂಳೆಯಲ್ಲಿ ಕತ್ತಿಗೆ 7, ಎದೆಗೆ 13, ಸೊಂಟಕ್ಕೆ 7 ಕಶೇರುಗಳಿವೆ, ಅಂದರೆ ಸಾಲಾಗಿ ಜೋಡಿಸಿದ ಬಿಡಿ ಮೂಳೆಗಳು. ಒಂದು ಕಶೇರುವಿಗೂ ಇನ್ನೊಂದಕ್ಕೂ ನಡುವೆ ಮೆತ್ತೆಯಂತೆ ಕೂತಿರುವುದೇ ಡಿಸ್ಕ್. ಹೊರಗೆ ನಾರಿನ ಗಟ್ಟಿ ಸುತ್ತು, ಒಳಗೆ ಲೋಳೆಯಂಥ ತಿರುಳು. ಗಿಡ್ಡ ಕಾಲಿನ ತಳಿಗಳಲ್ಲಿ ಈ ತಿರುಳು ಚಿಕ್ಕ ವಯಸ್ಸಿನಲ್ಲೇ ಒಣಗಿ ಸುಣ್ಣಗಟ್ಟುತ್ತದೆ. ಕಾಲನ್ನು ಗಿಡ್ಡಗೊಳಿಸುವ ವಂಶವಾಹಿಯೊಂದು ಡಿಸ್ಕನ್ನೂ ಕೆಡಿಸುತ್ತದೆ ಎಂಬುದು 2017ರಲ್ಲಿ ಪತ್ತೆಯಾಯಿತು. ಹಾಗಾಗಿ 'ಮೊನ್ನೆ ಹಾರಿದ್ದಕ್ಕೇ ಹೀಗಾಯಿತು' ಎಂದು ಮನೆಯವರು ತಮ್ಮನ್ನೇ ಹಳಿದುಕೊಳ್ಳುವುದು ಬೇಡ. ಡಿಸ್ಕ್ ವರ್ಷಗಳಿಂದ ಒಣಗುತ್ತ ಬಂದಿತ್ತು, ಆ ಹಾರಿಕೆ ಒಂದು ನೆಪ.

ಒಂದು ದಿನ ಹೊರಸುತ್ತು ಹರಿದು, ಒಣಗಿದ ತಿರುಳು ಮೇಲಕ್ಕೆ ಚಿಮ್ಮಿ ಬೆನ್ನುಹುರಿಗೆ ಬಡಿಯುತ್ತದೆ. ಪೆಟ್ಟು ಒಂದು, ಆಮೇಲಿನ ಒತ್ತಡ ಮತ್ತು ಬಾವು ಇನ್ನೊಂದು. ಹೆಚ್ಚಿನ ಸಲ ಇದು ಎದೆ ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ, ಕೊನೆಯ ಪಕ್ಕೆಲುಬಿನ ಆಸುಪಾಸಿನಲ್ಲಿ ಆಗುತ್ತದೆ. ಅದಕ್ಕೇ ಹಿಂಗಾಲು ಮಾತ್ರ ಸೋಲುವುದು. ಕತ್ತಿನ ಡಿಸ್ಕ್ ಆದರೆ ಚಿತ್ರ ಬೇರೆ: ತಲೆ ತಗ್ಗಿಸಿಯೇ ನಡೆಯುತ್ತದೆ, ಕತ್ತು ತಿರುಗಿಸದೆ ಕಣ್ಣಷ್ಟೇ ಹೊರಳಿಸುತ್ತದೆ, ಒಂದು ಮುಂಗಾಲು ಎತ್ತಿ ಹಿಡಿಯುತ್ತದೆ, ಬಟ್ಟಲಿಗೆ ಬಗ್ಗಲಾರದೆ ಊಟ ಬಿಡುತ್ತದೆ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗಳಲ್ಲಿ ಡಿಸ್ಕ್ ಹೀಗೆ ಚಿಮ್ಮುವುದು ಕಡಿಮೆ. ವಯಸ್ಸಾದ ಮೇಲೆ ನಿಧಾನವಾಗಿ ಉಬ್ಬಿ ಒತ್ತುತ್ತದೆ, ತಿಂಗಳುಗಟ್ಟಲೆ ಕಾಲೆಳೆತ ಕಾಣುತ್ತದೆ.

ಹಿಂಗಾಲು ಸೋತಿದ್ದೆಲ್ಲ ಡಿಸ್ಕ್ ಅಲ್ಲ. ನಮ್ಮ ಕಡೆ ಉಣ್ಣೆ ಹುಳ ಕಚ್ಚಿ ಹರಡುವ ಉಣ್ಣೆ ಜ್ವರ ಬಂದ ನಾಯಿಯೂ ನಿತ್ರಾಣವಾಗಿ ಏಳದೆ ಮಲಗುತ್ತದೆ, ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಆಟದ ನಡುವೆ ಒಮ್ಮೆ ಅರಚಿ ಕುಸಿದು, ಆಮೇಲೆ ನೋವೇ ಇಲ್ಲದೆ ಒಂದು ಪಕ್ಕದ ಕಾಲು ಹೋಗಿದ್ದರೆ ಬೆನ್ನುಹುರಿಯ ರಕ್ತನಾಳ ಕಟ್ಟಿಕೊಂಡಿರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಇನ್ನೊಂದನ್ನು ಯಾರೂ ಮರೆಯಬಾರದು: ರೇಬೀಸ್ ಲಸಿಕೆ ಹಾಕಿಸದ ನಾಯಿ ಕಾಲು ಸೋಲುವುದರ ಜೊತೆಗೆ ಜೊಲ್ಲು ಸುರಿಸುತ್ತಿದ್ದರೆ, ದವಡೆ ಜೋತುಬಿದ್ದಿದ್ದರೆ, ನೀರು ನುಂಗಲಾಗದಿದ್ದರೆ ಬಾಯಿಗೆ ಕೈ ಹಾಕಬೇಡಿ, ಮಕ್ಕಳನ್ನು ದೂರ ಕಳಿಸಿ, ವೈದ್ಯರಿಗೆ ಫೋನಿನಲ್ಲೇ ಮೊದಲು ಹೇಳಿ.

ಯಾವ ಹಂತ ಎಂದು ತಿಳಿಯುವುದು

ಮುಂದಿನ ಎಲ್ಲ ತೀರ್ಮಾನವೂ ಇದರ ಮೇಲೆ ನಿಂತಿದೆ.

ಒಂದನೇ ಹಂತ: ನೋವು ಮಾತ್ರ, ನಡಿಗೆ ಸರಿಯಿದೆ.
ಎರಡನೇ ಹಂತ: ನಡೆಯುತ್ತದೆ, ಆದರೆ ಕುಡಿದವರಂತೆ ತೂರಾಡುತ್ತದೆ, ಹಿಂಗಾಲು ಒಂದಕ್ಕೊಂದು ತೊಡರುತ್ತವೆ.
ಮೂರನೇ ಹಂತ: ತಾನಾಗಿ ಎದ್ದು ನಿಲ್ಲದು, ಹಿಡಿದು ನಿಲ್ಲಿಸಿದರೆ ಕಾಲು ಅಲ್ಲಾಡಿಸುತ್ತದೆ.
ನಾಲ್ಕನೇ ಹಂತ: ಹಿಂಗಾಲು ಪೂರ್ತಿ ಸ್ವಾಧೀನ ತಪ್ಪಿವೆ, ಆದರೆ ಬೆರಳನ್ನು ಬಲವಾಗಿ ಅದುಮಿದರೆ ನೋವು ಗೊತ್ತಾಗುತ್ತದೆ.
ಐದನೇ ಹಂತ: ಆ ನೋವೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ. ನಾಯಿಯ ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು ನಿಲ್ಲಿಸಿ. ಇನ್ನೊಂದು ಕೈಯಿಂದ ಹಿಂಗಾಲಿನ ಪಾದವನ್ನು ಮಡಿಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ಪಾದ ತಿರುಗಿಸಿಕೊಳ್ಳುತ್ತದೆ. ತಡ ಮಾಡಿದರೆ, ಅಥವಾ ಹಾಗೇ ಬಿಟ್ಟರೆ, ಬೆನ್ನುಹುರಿಯ ಸಂದೇಶ ತಲುಪುತ್ತಿಲ್ಲ. ಎರಡೂ ಕಾಲಿಗೆ ಒಮ್ಮೊಮ್ಮೆ ಮಾಡಿ, ಸಮಯ ಬರೆದಿಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿ. ಆಸ್ಪತ್ರೆಯಲ್ಲಿ ಹೆದರಿ ಮರಗಟ್ಟುವ ನಾಯಿಯ ನಿಜವಾದ ನಡಿಗೆ ವೈದ್ಯರಿಗೆ ಕಾಣುವುದು ಈ ವಿಡಿಯೊದಲ್ಲೇ.

ಬೆರಳು ಅದುಮಿ ನೋವು ನೋಡುವ ಪರೀಕ್ಷೆ ವೈದ್ಯರಿಗೇ ಬಿಡಿ. ಅದುಮಿದಾಗ ಕಾಲು ಹಿಂದಕ್ಕೆಳೆದುಕೊಂಡಿತು ಎಂದು ಎಷ್ಟೋ ಜನ ಸಮಾಧಾನಪಟ್ಟುಕೊಳ್ಳುತ್ತಾರೆ. ಕಾಲೆಳೆಯುವುದು ಬೆನ್ನುಹುರಿಯ ಕೆಳಭಾಗ ತಾನಾಗಿ ಮಾಡುವ ಕೆಲಸ, ಮಿದುಳಿಗೆ ಸುದ್ದಿ ಮುಟ್ಟಿದೆ ಎಂದು ಅರ್ಥವಲ್ಲ. ನಾಯಿ ತಿರುಗಿ ನೋಡಬೇಕು, ಅರಚಬೇಕು, ಕಚ್ಚಲು ಬರಬೇಕು. ಅದು ಮಾತ್ರ ನೋವು ಗೊತ್ತಾದ ಗುರುತು.

ಒಂದು, ಎರಡನೇ ಹಂತದಲ್ಲಿ ಅದೇ ದಿನ ವೈದ್ಯರನ್ನು ಕಾಣಿ. ಮೂರನೇ ಹಂತ ಮುಟ್ಟಿದರೆ, ಅಥವಾ ಬೆಳಿಗ್ಗೆ ತೂರಾಡುತ್ತಿದ್ದದ್ದು ಸಂಜೆಗೆ ಎದ್ದು ನಿಲ್ಲದಂತಾದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಹೊರಡಿ. ಹಂತದಿಂದ ಹಂತಕ್ಕೆ ಕೆಡುತ್ತಿರುವ ವೇಗವೇ ದೊಡ್ಡ ಸೂಚನೆ.

ಎತ್ತುವುದು, ಸಾಗಿಸುವುದು

ಮುಂಗಾಲಿನ ಕಂಕುಳಿಗೆ ಕೈ ಹಾಕಿ ಮಗುವಿನಂತೆ ಎತ್ತುವುದು ನಮಗೆಲ್ಲ ರೂಢಿ. ಹಾಗೆ ಎತ್ತಿದಾಗ ಹಿಂಭಾಗದ ಭಾರವೆಲ್ಲ ಹರಿದ ಡಿಸ್ಕಿನಿಂದ ಕೆಳಕ್ಕೆ ಜೋತುಬೀಳುತ್ತದೆ. ಸರಿಯಾದ ರೀತಿ ಇದು: ಮಗ್ಗುಲಲ್ಲಿ ಮಂಡಿಯೂರಿ ಕೂತು, ಒಂದು ಮುಂಗೈಯನ್ನು ಎದೆಯ ಕೆಳಗೆ, ಇನ್ನೊಂದನ್ನು ತೊಡೆಯ ಹಿಂದಿನಿಂದ ಕುಂಡೆಯ ಕೆಳಗೆ ಕೊಡಿ. ನಾಯಿಯ ಮಗ್ಗುಲನ್ನು ನಿಮ್ಮ ಎದೆಗೆ ಒತ್ತಿಕೊಂಡು, ಎರಡೂ ಕೈ ಒಟ್ಟಿಗೆ ಮೇಲೆತ್ತಿ. ಬೆನ್ನು ಮೇಜಿನಂತೆ ಮಟ್ಟವಾಗಿರಬೇಕು. ಇಳಿಸುವಾಗ ನಾಲ್ಕೂ ಪಾದ ನೆಲ ಮುಟ್ಟುವವರೆಗೆ ಕೈ ಬಿಡಬೇಡಿ. ನೆಲ ಕಂಡೊಡನೆ ನಾಯಿ ಜಿಗಿಯಲು ಹವಣಿಸುವುದು ಆ ಕೊನೆಯ ಅರ್ಧ ಅಡಿಯಲ್ಲೇ.

ದೊಡ್ಡ ನಾಯಿಗೆ ಇಬ್ಬರು ಬೇಕು. ದಪ್ಪ ಬೆಡ್‌ಶೀಟ್ ಅಥವಾ ಕಂಬಳಿಯನ್ನು ಪಕ್ಕದಲ್ಲಿ ಹಾಸಿ, ನಾಯಿಯನ್ನು ಅದರ ಮೇಲಕ್ಕೆ ಜಾರಿಸಿ, ನಾಲ್ಕೂ ಮೂಲೆ ಬಿಗಿಯಾಗಿ ಎಳೆದು ಹಿಡಿದು ಎತ್ತಿ. ವಾಹನ ಬಡಿದ ನಾಯಿಯಾದರೆ ಮೂಳೆಯೇ ಮುರಿದಿರಬಹುದು, ಆಗ ಬಟ್ಟೆ ಸಾಲದು. ಪ್ಲೈವುಡ್ ಹಲಗೆ ಅಥವಾ ಇಸ್ತ್ರಿ ಟೇಬಲ್ಲಿನ ಮೇಲೆ ಮಲಗಿಸಿ, ಭುಜದ ಹತ್ತಿರ ಒಂದು, ಕುಂಡೆಯ ಹತ್ತಿರ ಒಂದು ಅಗಲ ಪಟ್ಟಿ ಕಟ್ಟಿ. ನೋವಿನಲ್ಲಿರುವ ನಾಯಿ ಅನ್ನವಿಟ್ಟ ಕೈಯನ್ನೂ ಕಚ್ಚುತ್ತದೆ, ಮೂತಿಗೆ ಬಟ್ಟೆ ಸುತ್ತಿಕೊಳ್ಳಿ. ಉಸಿರಾಟ ಕಷ್ಟವಿದ್ದರೆ, ಪಗ್‌ನಂಥ ಮೊಂಡುಮೂಗಿನ ನಾಯಿಯಾದರೆ ಮಾತ್ರ ಬೇಡ.

ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗಬೇಡಿ. ಆಟೊ ಆದರೂ ಸರಿ, ನಾಯಿಯನ್ನು ಪ್ಲಾಸ್ಟಿಕ್ ಬಟ್ಟೆಬುಟ್ಟಿಯಲ್ಲಿಟ್ಟು ಸುತ್ತ ಟವೆಲ್ ತುರುಕಿ, ಬುಟ್ಟಿಯನ್ನು ಸೀಟಿನ ಕೆಳಗೆ ಕಾಲ ಬಳಿ ಇಟ್ಟುಕೊಳ್ಳಿ. ಎಂ.ಆರ್.ಐ. ಮತ್ತು ಬೆನ್ನುಹುರಿ ಶಸ್ತ್ರಚಿಕಿತ್ಸೆ ಎಲ್ಲ ಊರಿನಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಬೋಧನಾ ಆಸ್ಪತ್ರೆಗಳಿವೆ, ದೊಡ್ಡ ನಗರಗಳಲ್ಲಿ ಖಾಸಗಿ ಕೇಂದ್ರಗಳೂ ಇವೆ. ಹೊರಡುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಇವತ್ತು ಸ್ಕ್ಯಾನ್ ಮಾಡುತ್ತೀರಾ, ಬೆನ್ನುಹುರಿ ಶಸ್ತ್ರಚಿಕಿತ್ಸೆ ಮಾಡುವವರು ಇವತ್ತು ಇದ್ದಾರಾ? ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವವರು ತಿರುವುಗಳಲ್ಲಿ ನಾಯಿ ಹೊರಳದಂತೆ ಬುಟ್ಟಿಯನ್ನು ಬಿಗಿಯಾಗಿ ಕೂರಿಸಿ.

ಆಸ್ಪತ್ರೆಯಲ್ಲಿ

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಸುಣ್ಣಗಟ್ಟಿದ ಡಿಸ್ಕ್ ಕಾಣಬಹುದು, ಎರಡು ಕಶೇರುಗಳ ನಡುವಿನ ಸಂದು ಕಿರಿದಾಗಿದ್ದು ಕಾಣಬಹುದು. ಬೆನ್ನುಹುರಿ ಕಾಣುವುದಿಲ್ಲ. 'ಎಕ್ಸ್‌ರೇ ನಾರ್ಮಲ್' ಎಂದರೆ ಡಿಸ್ಕ್ ತೊಂದರೆ ಇಲ್ಲ ಎಂದಲ್ಲ. ಎಕ್ಸ್‌ರೇಯ ಮುಖ್ಯ ಕೆಲಸ ಮುರಿತ, ಸೋಂಕು, ಗಡ್ಡೆ ಇಲ್ಲವೆಂದು ನೋಡುವುದು. ಶಸ್ತ್ರಚಿಕಿತ್ಸೆ ಮಾಡುವುದಾದರೆ ಜಾಗ ನಿಖರವಾಗಿ ಗೊತ್ತಾಗಲು ಎಂ.ಆರ್.ಐ. ಬೇಕು, ಅದಿಲ್ಲದ ಕಡೆ ಸಿ.ಟಿ. ಎರಡಕ್ಕೂ ಅರಿವಳಿಕೆ ಕೊಡಬೇಕು, ಅದಕ್ಕೆ ಮೊದಲು ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. ಉಣ್ಣೆ ಜ್ವರ ಒಳಗೇ ಇದ್ದು ಪ್ಲೇಟ್‌ಲೆಟ್ ಕುಸಿದಿದ್ದರೆ ರಕ್ತಸ್ರಾವದ ಅಪಾಯ ಇರುತ್ತದೆ.

ಫಲಿತಾಂಶದ ಲೆಕ್ಕ ಹೀಗಿದೆ. ಒಂದು, ಎರಡನೇ ಹಂತದಲ್ಲಿ ವಿಶ್ರಾಂತಿ ಮತ್ತು ಮಾತ್ರೆಯಿಂದಲೇ ಹತ್ತರಲ್ಲಿ ಸುಮಾರು ಎಂಟು ನಾಯಿಗಳು ಚೇತರಿಸಿಕೊಳ್ಳುತ್ತವೆ, ಆದರೆ ಸುಮಾರು ಮೂರರಲ್ಲಿ ಒಂದಕ್ಕೆ ತೊಂದರೆ ಮರುಕಳಿಸುತ್ತದೆ. ನಾಲ್ಕನೇ ಹಂತದವರೆಗೂ, ಅಂದರೆ ನೋವಿನ ಅರಿವು ಉಳಿದಿರುವವರೆಗೂ, ಶಸ್ತ್ರಚಿಕಿತ್ಸೆಯಿಂದ ಹತ್ತರಲ್ಲಿ ಒಂಬತ್ತು ಮತ್ತೆ ನಡೆಯುತ್ತವೆ. ಅರಿವು ಹೋದ ಮೇಲೆ ಇದು ಅರ್ಧಕ್ಕೆ, ಸ್ವಲ್ಪ ಹೆಚ್ಚೆಂದರೆ ಹತ್ತರಲ್ಲಿ ಆರಕ್ಕೆ ಇಳಿಯುತ್ತದೆ. ಶಸ್ತ್ರಚಿಕಿತ್ಸೆ ಇಲ್ಲದೆ ಐದನೇ ಹಂತದಿಂದ ಎದ್ದು ಬರುವುದು ಅಪರೂಪ.

ಹಣವಿಲ್ಲದೆ, ಅಥವಾ ಸೌಲಭ್ಯ ದೂರವಿದ್ದು ಶಸ್ತ್ರಚಿಕಿತ್ಸೆ ಆಗದಿದ್ದರೆ ಮೂರು, ನಾಲ್ಕನೇ ಹಂತದ ನಾಯಿಯನ್ನೂ ಕೈಬಿಡಬೇಡಿ. ವಿಶ್ರಾಂತಿ ಮತ್ತು ಶುಶ್ರೂಷೆಯಿಂದ ಅರ್ಧಕ್ಕೂ ಹೆಚ್ಚು ನಾಯಿಗಳು ಮತ್ತೆ ನಡೆದಿವೆ, ನಿಧಾನವಾಗಿ, ಕೆಲವು ಸ್ವಲ್ಪ ಕಾಲೆಳೆಯುತ್ತ. ಮೊದಲ ದಿನವೇ ದಯಾಮರಣದ ಮಾತೆತ್ತುವುದು ತೀರ ಅವಸರ.

ಮಾತ್ರೆಗಳಲ್ಲಿ ಆಗುವ ತಪ್ಪು

ಸಾಮಾನ್ಯವಾಗಿ ಉರಿಯೂತಕ್ಕೆ ಮೆಲಾಕ್ಸಿಕಾಮ್‌ನಂಥದ್ದೊಂದು, ನರದ ನೋವಿಗೆ ಗ್ಯಾಬಪೆಂಟಿನ್, ಸ್ನಾಯು ಸೆಳೆತಕ್ಕೆ ಮೆಥೊಕಾರ್ಬಮಾಲ್ ಬರೆಯುತ್ತಾರೆ. ಮೆಲಾಕ್ಸಿಕಾಮ್ ಮೊದಲ ದಿನ ತೂಕದ ಕೆ.ಜಿ.ಗೆ 0.2 ಮಿ.ಗ್ರಾಂ., ಮರುದಿನದಿಂದ 0.1 ಮಿ.ಗ್ರಾಂ., ದಿನಕ್ಕೊಮ್ಮೆ, ಊಟದ ಜೊತೆ. 8 ಕೆ.ಜಿ. ಡ್ಯಾಷ್‌ಹಂಡ್‌ಗೆ ದಿನಕ್ಕೆ 0.8 ಮಿ.ಗ್ರಾಂ. ಆಯಿತು. ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆ ಸಿಗುವ ಮಾತ್ರೆ 7.5 ಮಿ.ಗ್ರಾಂ.ನದು, ಅಂದರೆ ಒಂದೇ ಮಾತ್ರೆ ಆ ನಾಯಿಯ ಒಂಬತ್ತು ದಿನದ ಮದ್ದು. ಅರ್ಧ ಮುರಿದು ಕೊಟ್ಟರೂ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ನಾಯಿಗೆಂದೇ ಬರುವ ದ್ರವರೂಪದ ಔಷಧಿಯನ್ನು ಸಿರಿಂಜಿನಲ್ಲಿ ಅಳೆದು ಕೊಡಿ.

ಗ್ಯಾಬಪೆಂಟಿನ್ ಸಾಮಾನ್ಯವಾಗಿ ಕೆ.ಜಿ.ಗೆ 10 ಮಿ.ಗ್ರಾಂ., ಎಂಟು ಗಂಟೆಗೊಮ್ಮೆ. ಇಲ್ಲಿ ಅಂಗಡಿಯವರು 'ಅದೇ ಸಾರ್' ಎಂದು ಕೊಡುವ ಮಾತ್ರೆಯಲ್ಲಿ ಎಷ್ಟೋ ಸಲ ಗ್ಯಾಬಪೆಂಟಿನ್ ಜೊತೆ ನಾರ್ಟ್ರಿಪ್ಟಿಲಿನ್ ಎಂಬ ಖಿನ್ನತೆಯ ಮದ್ದು ಸೇರಿರುತ್ತದೆ. ಹೆಸರಿನ ಕೊನೆಯಲ್ಲಿ ಎನ್.ಟಿ. ಎಂದಿದ್ದರೆ ವಾಪಸ್ ಕೊಡಿ. ಮನುಷ್ಯರ ಸಿರಪ್ ಬಳಸಲೇಬೇಡಿ, ಅದರಲ್ಲಿ ಸಿಹಿಗೆ ಜೈಲಿಟಾಲ್ ಹಾಕಿರಬಹುದು, ನಾಯಿಗೆ ಅದು ವಿಷ. ಮೊದಲ ಎರಡು ದಿನ ನಾಯಿ ಮಂಪರಿನಲ್ಲಿ ತೂರಾಡಬಹುದು. ಇದನ್ನು ಒಮ್ಮೆಲೇ ನಿಲ್ಲಿಸದೆ ವೈದ್ಯರು ಹೇಳಿದಂತೆ ಇಳಿಸುತ್ತ ಬನ್ನಿ.

ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೇನ್, ಡೈಕ್ಲೊಫೆನಾಕ್, ನಿಮೆಸುಲೈಡ್ ಯಾವುದನ್ನೂ ಮುಟ್ಟಬೇಡಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಸ್ಟೀರಾಯ್ಡ್ ಮತ್ತು ಮೇಲಿನ ಉರಿಯೂತದ ಮಾತ್ರೆ ಒಟ್ಟಿಗೆ ಬೀಳುವುದು. ಭಾನುವಾರ ಒಬ್ಬ ವೈದ್ಯರು ಸ್ಟೀರಾಯ್ಡ್ ಚುಚ್ಚುತ್ತಾರೆ, ಸೋಮವಾರ ಇನ್ನೊಬ್ಬರು ಮೆಲಾಕ್ಸಿಕಾಮ್ ಬರೆಯುತ್ತಾರೆ, ಮನೆಯವರು ಮೊದಲನೆಯದನ್ನು ಹೇಳಿರುವುದಿಲ್ಲ. ಜಠರ ಅಥವಾ ಕರುಳು ತೂತಾಗಿ ನಾಯಿ ಸತ್ತಿರುವುದು ಉಂಟು. ಕೊಟ್ಟ ಪ್ರತಿ ಇಂಜೆಕ್ಷನ್ನಿನ ಹೆಸರು, ದಿನ, ಹೊತ್ತು ಚೀಟಿಯಲ್ಲಿ ಬರೆಸಿಕೊಳ್ಳಿ. ಸೆಗಣಿ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ಕಾಫಿ ಗಸಿಯಂಥದ್ದು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಫೋನ್ ಮಾಡಿ.

ಪಂಜರದ ವಿಶ್ರಾಂತಿ: ನಿಜವಾದ ಮದ್ದು

ಹರಿದ ಡಿಸ್ಕಿನ ಹೊರಸುತ್ತು ಗಾಯದ ಕಲೆಯಂತೆ ಕೂಡಿಕೊಳ್ಳಲು ಕನಿಷ್ಠ ನಾಲ್ಕು ವಾರ ಬೇಕು, ಆರು ವಾರವಾದರೆ ಒಳ್ಳೆಯದು. ನೋವಿನ ಮಾತ್ರೆ ಕೆಲಸ ಮಾಡಲು ಬೇಕಾಗುವುದು ಮೂರು ನಾಲ್ಕು ದಿನ. ಈ ಅಂತರದಲ್ಲೇ ಅನರ್ಥ ಆಗುವುದು. ಐದನೇ ದಿನ ಬಾಲ ಅಲ್ಲಾಡಿಸಿ ಆಟಕ್ಕೆ ಕರೆಯುತ್ತದೆ, 'ಪಾಪ, ಹುಷಾರಾಗಿದೆ' ಎಂದು ಬಾಗಿಲು ತೆಗೆಯುತ್ತಾರೆ, ಅದು ಗೇಟಿನವರೆಗೆ ಓಡಿ ಪೋಸ್ಟ್‌ಮನ್‌ಗೆ ಬೊಗಳಿ ತಿರುಗುವಷ್ಟರಲ್ಲಿ ಉಳಿದ ತಿರುಳೂ ಚಿಮ್ಮುತ್ತದೆ. ಎರಡನೇ ಹಂತದ ನಾಯಿ ಸಂಜೆಗೆ ನಾಲ್ಕರಲ್ಲಿ ಇರುತ್ತದೆ. ನೋವು ಕಡಿಮೆಯಾದ ದಿನದಿಂದ ಕಾವಲು ಹೆಚ್ಚಾಗಬೇಕು.

ತಂತಿಯ ಕ್ರೇಟ್ ಸಾಕು. ಡ್ಯಾಷ್‌ಹಂಡ್ ಅಳತೆಯ ನಾಯಿಗೆ 30 ಇಂಚು ಉದ್ದದ್ದು. ನಿಲ್ಲಲು, ತಿರುಗಲು, ಮೈಚಾಚಿ ಮಲಗಲು ಜಾಗವಿರಬೇಕು, ನಾಲ್ಕು ಹೆಜ್ಜೆ ಹಾಕಲು ಇರಬಾರದು. ಸ್ನಾನದ ಮನೆಯಲ್ಲೋ ರೂಮಿನಲ್ಲೋ ಕೂಡಿಹಾಕುವುದು ಇದಕ್ಕೆ ಸಮವಲ್ಲ. ಸರಪಳಿಗೆ ಕಟ್ಟುವುದಂತೂ ಕೂಡದು, ನೆಗೆದಾಗ ಜಗ್ಗಿ ಬೆನ್ನು ತಿರುಚುತ್ತದೆ.

ಕೆಳಗೆ ಯೋಗಾ ಮ್ಯಾಟ್, ಅದರ ಮೇಲೆ ಎರಡು ಇಂಚಿನ ಗಟ್ಟಿ ಫೋಮ್, ಅದಕ್ಕೆ ರೆಕ್ಸಿನ್ ಹೊದಿಕೆ, ಮೇಲೆ ದಿನವೂ ಒಗೆಯಬಹುದಾದ ಹಳೆಯ ಹತ್ತಿ ಬೆಡ್‌ಶೀಟ್. ದಪ್ಪ ಹತ್ತಿಯ ಹಾಸಿಗೆ ಬೇಡ, ಕಾಲು ಹೂತು ಬೆನ್ನು ತಿರುಚುತ್ತದೆ. ಕ್ರೇಟನ್ನು ಮನೆಯವರು ಓಡಾಡುವ ಜಾಗದಲ್ಲಿಡಿ, ಆದರೆ ಬಾಗಿಲು, ಕಾಲಿಂಗ್ ಬೆಲ್ ಕಡೆಗೆ ಮುಖ ಬೇಡ. ಬೇಸಿಗೆಯಲ್ಲಿ ಫ್ಯಾನಿನ ಗಾಳಿ ತಲುಪಲಿ. ಬೊಗಳುವ ನಾಯಿಗೆ ಮೂರು ಪಕ್ಕ ಬಟ್ಟೆ ಹೊದಿಸಿ. ದೀಪಾವಳಿಯ ಹೊತ್ತಿಗೆ ಬಿದ್ದರೆ ಹದಿನೈದು ದಿನ ಮೊದಲೇ ಹೇಳಿ ಭಯ ತಗ್ಗಿಸುವ ಮಾತ್ರೆ ಬರೆಸಿಕೊಳ್ಳಿ. ಪಟಾಕಿಗೆ ಬೆದರಿ ಕ್ರೇಟಿನೊಳಗೇ ನೆಗೆದರೆ ವಾರಗಳ ವಿಶ್ರಾಂತಿ ವ್ಯರ್ಥ.

ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ, ಮೂತ್ರ ಮಲಕ್ಕೆ ಮಾತ್ರ ಹೊರಗೆ. ಎತ್ತಿಕೊಂಡೇ ಹೋಗಿ. ಕತ್ತುಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಮತ್ತು ಗಿಡ್ಡ ಬೆಲ್ಟ್. ಕಾಲು ಸೋತಿದ್ದರೆ ಉದ್ದ ಟವೆಲನ್ನು ತೊಡೆಗಳ ಮುಂದೆ, ಹೊಟ್ಟೆಯ ತುದಿಯಲ್ಲಿ ಹಾಯಿಸಿ ಎರಡೂ ತುದಿಯನ್ನು ಮೇಲೆ ಒಂದೇ ಕೈಯಲ್ಲಿ ಹಿಡಿಯಿರಿ. ಕುಂಡೆ ಭುಜದ ಮಟ್ಟಕ್ಕೆ ಬರಬೇಕಷ್ಟೆ, ಅದಕ್ಕಿಂತ ಮೇಲೆತ್ತಬೇಡಿ. ಗಂಡುನಾಯಿಗೆ ಟವೆಲ್ ಹಿಂದಕ್ಕೆ ಜಾರಿ ಮೂತ್ರದ ದಾರಿ ಅದುಮದಂತೆ ನೋಡಿಕೊಳ್ಳಿ.

ಎಣ್ಣೆ ಹಚ್ಚಿ ಬೆನ್ನು ನೀವುವುದು, ಕಾಲು ಹಿಡಿದು ಎಳೆದು 'ನರ ಕೂರಿಸುವುದು', ಬರೆ ಹಾಕಿಸುವುದು, ಇವು ಯಾವುದೂ ಬೇಡ. ಹೊರಬಂದ ತಿರುಳನ್ನು ನೀವಿ ಒಳಕ್ಕೆ ಕಳಿಸಲು ಬರುವುದಿಲ್ಲ, ಇನ್ನಷ್ಟು ಹೊರಕ್ಕೆ ಬರಿಸಬಹುದು.

ಮೂತ್ರ: ಎಲ್ಲರೂ ಮರೆಯುವುದು

ಕಾಲಿನ ಸ್ವಾಧೀನ ತಪ್ಪಿದ ನಾಯಿಗೆ ಮೂತ್ರದ ಸ್ವಾಧೀನವೂ ತಪ್ಪಿರುತ್ತದೆ. ಎತ್ತಿದಾಗ ಬಟ್ಟೆ ಒದ್ದೆಯಾಯಿತು, ಹಾಗಾಗಿ ಉಚ್ಚೆ ಹೊಯ್ಯುತ್ತಿದೆ ಎಂದುಕೊಳ್ಳುತ್ತಾರೆ. ಅದು ತುಂಬಿದ ಕೊಡ ತುಳುಕಿದ್ದು. ಒಳಗೆ ಮೂತ್ರಕೋಶ ಬಿಗಿದು ನಿಂತಿರುತ್ತದೆ. ಹೀಗೆ ಬಿಟ್ಟರೆ ಅದರ ಸ್ನಾಯು ಹಿಗ್ಗಿ ಶಕ್ತಿ ಕಳೆದುಕೊಳ್ಳುತ್ತದೆ, ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ಕಾಲು ಬಂದ ಮೇಲೂ ಮೂತ್ರ ಹಿಡಿತಕ್ಕೆ ಬರುವುದಿಲ್ಲ.

ಸಾಮಾನ್ಯ ಲೆಕ್ಕದಲ್ಲಿ ಕೆ.ಜಿ.ಗೆ ಗಂಟೆಗೆ 1ರಿಂದ 2 ಮಿ.ಲೀ. ಮೂತ್ರ ತಯಾರಾಗುತ್ತದೆ. 8 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 200ರಿಂದ 400 ಮಿ.ಲೀ. ಆರರಿಂದ ಎಂಟು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಖಾಲಿ ಮಾಡಬೇಕು. ಮೊದಲ ಸಲ ವೈದ್ಯರ ಕೈ ಮೇಲೆ ನಿಮ್ಮ ಕೈ ಇಟ್ಟು ಕಲಿಯಿರಿ. ಆಮೇಲೆ ಹೀಗೆ:

1. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಅಥವಾ ಒಬ್ಬರು ಟವೆಲಿನಿಂದ ನಿಲ್ಲಿಸಿ ಹಿಡಿಯಲಿ. ಕೆಳಗೆ ಅಳತೆಯ ಪಾತ್ರೆ ಇಡಿ.
2. ಕೊನೆಯ ಪಕ್ಕೆಲುಬು ದಾಟಿ, ತೊಡೆಯ ಮುಂದೆ, ಹೊಟ್ಟೆಯ ಎರಡೂ ಬದಿಗೆ ಅಂಗೈ ಇಡಿ. ಬೆರಳ ತುದಿ ಬೇಡ, ಚಪ್ಪಟೆ ಬೆರಳುಗಳು.
3. ನಾಯಿ ಉಸಿರು ಬಿಟ್ಟಾಗ ನಿಧಾನವಾಗಿ ಒಳಕ್ಕೆ ಒತ್ತಿ. ನೀರು ತುಂಬಿದ ಬಲೂನಿನಂಥದ್ದು, ನಿಂಬೆಯಿಂದ ಮೂಸಂಬಿಯಷ್ಟು ದಪ್ಪ, ಕೈಗೆ ಸಿಗುತ್ತದೆ. ಉದ್ದುದ್ದ, ಗಟ್ಟಿ ಉಂಡೆಗಳು ಸಿಕ್ಕರೆ ಅದು ಮಲ.
4. ಎರಡೂ ಕಡೆಯಿಂದ ಸಮನಾಗಿ ಅದುಮಿ, ಒತ್ತಡವನ್ನು ಬಾಲದ ಕಡೆಗೆ ಕೊಡಿ. ಐದು ಹತ್ತು ಸೆಕೆಂಡು ಹಾಗೇ ಹಿಡಿದರೆ ಧಾರೆ ಶುರುವಾಗುತ್ತದೆ. ಬಿಟ್ಟು ಬಿಟ್ಟು ಕುಟ್ಟಬೇಡಿ, ಹಿಂಡಬೇಡಿ.
5. ಧಾರೆ ನಿಂತು ತೊಟ್ಟಿಕ್ಕಲು ಶುರುವಾದಾಗ ಕೈ ಬಿಡಿ, ಒಂದು ನಿಮಿಷದ ನಂತರ ಇನ್ನೊಮ್ಮೆ. ಖಾಲಿಯಾದ ಮೂತ್ರಕೋಶ ಕೈಗೆ ಸಿಗುವುದಿಲ್ಲ.
6. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಎಷ್ಟು ಬಂತು ಎಂದು ಬರೆಯಿರಿ.

ಎಷ್ಟು ಅದುಮಿದರೂ ಬಾರದಿದ್ದರೆ ಬಲ ಹಾಕಬೇಡಿ, ಒಡೆಯಬಹುದು. ಬಾಗಿಲಿನ ಸ್ನಾಯು ಬಿಗಿದಿರುತ್ತದೆ, ಅದನ್ನು ಸಡಿಲಿಸಲು ವೈದ್ಯರು ಪ್ರಜೋಸಿನ್‌ನಂಥ ಮಾತ್ರೆ ಕೊಡುತ್ತಾರೆ ಅಥವಾ ನಳಿಕೆ ಹಾಕುತ್ತಾರೆ. ಮೂತ್ರ ಮಬ್ಬಾದರೆ, ಗಬ್ಬು ನಾರಿದರೆ, ಕೆಂಪಾದರೆ ಪರೀಕ್ಷೆಗೆ ಕೊಡಿ. ಬಟ್ಟೆ ಒದ್ದೆಯಾಗುತ್ತದೆಂದು ನೀರು ಕಡಿಮೆ ಮಾಡುವುದು ಸೋಂಕನ್ನು ಕರೆದಂತೆ.

ಚರ್ಮ, ನೊಣ, ಹುಣ್ಣು

ಏಳಲಾಗದ ನಾಯಿಯ ಮಗ್ಗುಲನ್ನು ನಾಲ್ಕು ಗಂಟೆಗೊಮ್ಮೆ ಬದಲಿಸಿ. ಸೊಂಟದ ಮೂಳೆ, ತೊಡೆಯ ಮೇಲ್ತುದಿ, ಮೊಣಕೈ, ಹಿಮ್ಮಡಿ ಇವನ್ನು ದಿನಕ್ಕೆರಡು ಸಲ ಬೆರಳಾಡಿಸಿ ನೋಡಿ. ಕೂದಲು ಉದುರಿ ಚರ್ಮ ಕೆಂಪಗಾದರೆ ಅಲ್ಲಿ ಒತ್ತಡ ಬೀಳದಂತೆ ಟವೆಲ್ ಸುರುಳಿ ಇಡಿ.

ನಮ್ಮ ಹವೆಯಲ್ಲಿ ಇದಕ್ಕಿಂತ ಬೇಗ ಬರುವುದು ನೊಣ. ಮೂತ್ರದಲ್ಲಿ ನೆನೆದ ಕೂದಲಿನ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಬೀಳುತ್ತದೆ, ಸ್ಪರ್ಶವಿಲ್ಲದ ನಾಯಿಗೆ ಗೊತ್ತೇ ಆಗುವುದಿಲ್ಲ. ಬಾಲದ ಬುಡ, ಗುದದ ಸುತ್ತ, ತೊಡೆಯ ಒಳಗಿನ ಕೂದಲನ್ನು ಟ್ರಿಮ್ಮರಿನಿಂದ ಕತ್ತರಿಸಿಬಿಡಿ. ಮಳೆಗಾಲದಲ್ಲಿ ಕ್ರೇಟಿಗೆ ಸೊಳ್ಳೆಪರದೆ ಹಾಕಿ. ಅಕ್ಕಿಕಾಳಿನಂಥ ಬಿಳಿ ಮೊಟ್ಟೆಯ ಗುಂಪು ಕಂಡರೆ ಸಣ್ಣ ಹಣಿಗೆಯಿಂದ ಬಾಚಿ ತೆಗೆದು ಅಂದೇ ತೋರಿಸಿ. ಸೀಮೆಎಣ್ಣೆ, ಟರ್ಪೆಂಟೈನ್ ಸುರಿಯಬೇಡಿ, ಚರ್ಮ ಸುಡುತ್ತದೆ.

ಶಸ್ತ್ರಚಿಕಿತ್ಸೆ ಆದ ಮೇಲೆ

ಬೆನ್ನಿನ ಡಿಸ್ಕಿಗೆ ಕಶೇರುವಿನ ಒಂದು ಬದಿಯ ಮೂಳೆ ಕೊರೆದು ಕಿಟಕಿ ಮಾಡಿ ತಿರುಳು ತೆಗೆಯುತ್ತಾರೆ. ಕತ್ತಿನದಾದರೆ ಕೆಳಗಡೆಯಿಂದ. ಹೊಲಿಗೆ 10ರಿಂದ 14 ದಿನಕ್ಕೆ ತೆಗೆಯುತ್ತಾರೆ, ಅಲ್ಲಿಯವರೆಗೆ ನೆಕ್ಕದಂತೆ ಕತ್ತಿಗೆ ಕೋನ್ ಇರಲಿ, ಗಾಯಕ್ಕೆ ನೀರು ತಾಗದಿರಲಿ. ಆಪರೇಶನ್ ಆಯಿತೆಂದು ಪಂಜರ ತಪ್ಪುವುದಿಲ್ಲ, ನಾಲ್ಕರಿಂದ ಆರು ವಾರ ಅದೇ ಕ್ರಮ. ನೋವಿನ ಅರಿವು ಉಳಿದಿದ್ದ ನಾಯಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಹೆಜ್ಜೆ ಹಾಕುತ್ತದೆ. ಅರಿವು ಹೋಗಿದ್ದಕ್ಕೆ ಎರಡು ಮೂರು ತಿಂಗಳೂ ಆಗಬಹುದು.

ಐದನೇ ಹಂತದ ಹತ್ತು ನಾಯಿಗಳಲ್ಲಿ ಒಂದಕ್ಕೆ ಬೆನ್ನುಹುರಿಯೇ ಕರಗುತ್ತ ಮೇಲೇರುವ ಕಾಯಿಲೆ ಬರುತ್ತದೆ, ಹೆಚ್ಚಾಗಿ ಮೊದಲ ವಾರದಲ್ಲಿ. ಜ್ವರ, ತಾಳಲಾರದ ನೋವು, ಬಿಗಿಯಿದ್ದ ಬಾಲ ಗುದ ಸಡಿಲವಾಗುವುದು, ಮುಂಗಾಲೂ ಸೋಲುವುದು, ಉಸಿರಿಗೆ ಕಷ್ಟಪಡುವುದು. ಇದಕ್ಕೆ ಚಿಕಿತ್ಸೆ ಇಲ್ಲ. ವೈದ್ಯರು ಖಚಿತಪಡಿಸಿದರೆ ನೋವಿಲ್ಲದೆ ಕಳಿಸಿಕೊಡುವುದೇ ನಾವು ಅದಕ್ಕೆ ಮಾಡಬಹುದಾದ ಉಪಕಾರ. ತಡಮಾಡಬೇಡಿ.

ವ್ಯಾಯಾಮ

ಒಂದು, ಎರಡನೇ ಹಂತದ ನಾಯಿಗೆ ಮೊದಲ ವಾರಗಳಲ್ಲಿ ವ್ಯಾಯಾಮ ಬೇಡ. ಕಾಲು ಸೋತದ್ದಕ್ಕೆ, ವೈದ್ಯರು ಒಪ್ಪಿದ ಮೇಲೆ, ದಿನಕ್ಕೆ ಎರಡು ಮೂರು ಸಲ: ಮಗ್ಗುಲಾಗಿ ಮಲಗಿಸಿ, ಬೆರಳು, ಹಿಮ್ಮಡಿ, ಮಂಡಿ, ಸೊಂಟ ಒಂದೊಂದೇ ಸಂದನ್ನು ನಿಧಾನವಾಗಿ ಮಡಿಚಿ ಬಿಡಿಸಿ, ಹತ್ತರಿಂದ ಹದಿನೈದು ಸಲ. ಕೊನೆಗೆ ಇಡೀ ಕಾಲನ್ನು ಸೈಕಲ್ ತುಳಿದಂತೆ. ಆಮೇಲೆ ಟವೆಲ್ ಆಸರೆಯಲ್ಲಿ ನಾಲ್ಕೂ ಪಾದ ಚಪ್ಪಟೆಯಾಗಿ ಊರಿಸಿ ಅರ್ಧ ನಿಮಿಷ ನಿಲ್ಲಿಸಿ, ದಿನದಿನಕ್ಕೆ ಹೆಚ್ಚಿಸಿ. ಟವೆಲನ್ನು ಸ್ವಲ್ಪ ಸಡಿಲಿಸಿದಾಗ ತೊಡೆ ನಡುಗುತ್ತ ಭಾರ ಹೊರಲು ನೋಡುತ್ತದೆಯಲ್ಲ, ಆ ನಡುಕ ಒಳ್ಳೆಯ ಸುದ್ದಿ.

ನೀರಿನೊಳಗಿನ ಟ್ರೆಡ್‌ಮಿಲ್ ಹೊಲಿಗೆ ಬಿಚ್ಚಿ ಗಾಯ ಮಾಗಿದ ಮೇಲೆ. ಕೆರೆಗೆ, ಬಾವಿಗೆ ಇಳಿಸಿ ಈಜಿಸುವುದು ಬೇಡ, ಗಾಬರಿಯಲ್ಲಿ ಬೆನ್ನು ತಿರುಚುತ್ತದೆ. ಆರು ವಾರ ಕಳೆದು ಬಿಡುಗಡೆ ಸಿಕ್ಕಾಗ ಬೆಲ್ಟ್ ಹಾಕಿ ಐದು ನಿಮಿಷದ ನಡಿಗೆ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ ಹೋಗಿ.

ಮನೆ ಬದಲಾಗಬೇಕು

ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಎಣ್ಣೆ ಕುಡಿದ ರೆಡ್‌ಆಕ್ಸೈಡ್ ಇವೆಲ್ಲ ಬೆನ್ನಿನ ನಾಯಿಗೆ ಮಂಜುಗಡ್ಡೆ ಇದ್ದಂತೆ. ಅದು ಓಡಾಡುವ ದಾರಿಯುದ್ದಕ್ಕೂ ರಬ್ಬರ್ ಮ್ಯಾಟ್ ಹಾಸಿ. ತೆಂಗಿನ ನಾರಿನ ಮ್ಯಾಟ್ ಕಾಲೆಳೆಯುವ ನಾಯಿಯ ಪಾದ ತರಚುತ್ತದೆ. ಅಂಗಾಲಿನ ಕೂದಲು ಕತ್ತರಿಸಿ, ಉಗುರು ಗಿಡ್ಡವಿಡಿ.

45 ಸೆಂ.ಮೀ. ಎತ್ತರದ ಸೋಫಾಗೆ ಕನಿಷ್ಠ 150 ಸೆಂ.ಮೀ. ಉದ್ದದ ಇಳಿಜಾರು ಹಲಗೆ ಬೇಕು. ಅಂಗಡಿಯ ಗಿಡ್ಡ ಹಲಗೆ ಕಡಿದಾಗಿರುತ್ತದೆ, ನಾಯಿ ಪಕ್ಕದಿಂದ ಹಾರುತ್ತದೆ. ಹಲಗೆಗೆ ಮ್ಯಾಟ್ ಅಂಟಿಸಿ, ಎರಡೂ ಬದಿ ನಾಲ್ಕು ಇಂಚಿನ ಅಂಚು ಕಟ್ಟಿಸಿ. ಮೆಟ್ಟಿಲಿಗೆ ಮಕ್ಕಳ ಗೇಟ್.

ತೂಕದ ವಿಷಯದಲ್ಲಿ ಕರುಣೆ ತೋರಿಸಬೇಡಿ. ಪಕ್ಕೆಲುಬು ಕಣ್ಣಿಗೆ ಕಾಣದೆ ಬೆರಳಿಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಿರಿದಾಗಿರಬೇಕು. ಪಂಜರದಲ್ಲಿರುವಾಗ ಊಟ ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಕಡಿಮೆ ಮಾಡಿ. ಅಜ್ಜಿ ಕೊಡುವ ಮೇರಿ ಬಿಸ್ಕತ್ತು, ತುಪ್ಪದನ್ನ, ಚಪಾತಿ ತುಂಡು ಲೆಕ್ಕಕ್ಕೆ ಬರಲಿ. ಬದಲಿಗೆ ಬೇಯಿಸಿದ ಹುರುಳಿಕಾಯಿ, ಸೀಮೆಬದನೆ, ಸೌತೆಕಾಯಿ ಹೋಳು ಕೊಡಿ. ಈರುಳ್ಳಿ ಬಿದ್ದ ಸಾರು ಕೂಡದು.

ಕಾಲು ಬಾರದಿದ್ದರೆ

ಮೂರು ತಿಂಗಳಾದರೂ ಕಾಲು ಬಾರದ ನಾಯಿ ನೋವಿಲ್ಲದೆ ಊಟ ಮಾಡುತ್ತ, ಮನೆಯವರನ್ನು ಕಂಡು ಖುಷಿಪಡುತ್ತ ಇದ್ದರೆ ಅದಕ್ಕೆ ಗಾಲಿಗಾಡಿ ಮಾಡಿಸಿ. ಅಳತೆ ನಾಲ್ಕು: ನೆಲದಿಂದ ಬೆನ್ನಿನ ಎತ್ತರ, ಭುಜದಿಂದ ಬಾಲದ ಬುಡದವರೆಗಿನ ಉದ್ದ, ಕುಂಡೆಯ ಅಗಲ, ಎದೆಯ ಸುತ್ತಳತೆ. ಮುಕ್ಕಾಲು ಇಂಚಿನ ಪಿ.ವಿ.ಸಿ. ಪೈಪು, ಎಲ್ಬೊ, ಮಕ್ಕಳ ಸೈಕಲ್ಲಿನ ಸಣ್ಣ ಗಾಲಿ, ತೊಡೆಗೆ ಫೋಮ್ ಸುತ್ತಿದ ಎರಡು ಬಳೆ ಸಾಕು. ಗಾಲಿಯ ಅಚ್ಚು ಸೊಂಟದ ಕೆಳಗೆ ನೇರವಾಗಿ ಬರಬೇಕು. ಹಿಂದೆ ಹೋದರೆ ಭಾರವೆಲ್ಲ ಭುಜಕ್ಕೆ, ಮುಂದೆ ಬಂದರೆ ಗಾಡಿ ಹಿಂದಕ್ಕೆ ಕವುಚುತ್ತದೆ. ಬೆನ್ನು ನೆಲಕ್ಕೆ ಸಮಾಂತರವಾಗಿರಲಿ, ಹಿಂಗಾಲಿನ ಪಾದ ನೆಲಕ್ಕೆ ತುಸುವೇ ತಾಗುತ್ತಿರಲಿ, ಎಷ್ಟೋ ನಾಯಿಗಳು ಹಾಗೆ ತಾಗಿಸುತ್ತಲೇ ತಿಂಗಳುಗಳ ಮೇಲೆ ಹೆಜ್ಜೆ ಕಲಿತಿವೆ. ಮೊದಲ ದಿನ ಹತ್ತು ನಿಮಿಷ. ಬಿಚ್ಚಿದ ಮೇಲೆ ಬಳೆ ತಾಗಿದ ಜಾಗವನ್ನು ನೋಡಿ, ಕೆಂಪಾಗಿದ್ದರೆ ಫೋಮ್ ಹೆಚ್ಚಿಸಿ. ಗಾಡಿಯಲ್ಲೇ ಮಲಗಲು ಬರುವುದಿಲ್ಲ, ಆದ್ದರಿಂದ ಕಟ್ಟಿ ಬಿಟ್ಟು ಒಳಗೆ ಹೋಗಬೇಡಿ, ಜೊತೆಗಿರಿ.